ಸದ್ದಿಲ್ಲದೆ ಹೊಡೆದ ಅಲಾರಂ

ಪಕ್ಕದ ಮನೆಯ ನಲ್ಲಿಯ ನೀರು ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ಬೀಳುತ್ತಿದೆ, ಮೊದಲು ಧಡಧಡ ಅಂತ ದೊಡ್ಡ ಸದ್ದು, ಆಮೇಲೆ ತುಂಬುತ್ತ ತುಂಬುತ್ತ ಗಂಟಲು ಕಟ್ಟಿದ ಹಾಗೆ ಸಣ್ಣದಾಗುತ್ತದೆ, ಮಲಗಿಕೊಂಡು ಕೇಳಲು ಚೆನ್ನಾಗಿದೆ, ಇನ್ನೊಂದು ಬಕೆಟ್ ಇಟ್ಟರು, ಮತ್ತೆ ಧಡಧಡ, ಈ ಸದ್ದನ್ನು ಹಾಸಿಗೆಯಲ್ಲಿದ್ದುಕೊಂಡು ಕೇಳಿ ಎಷ್ಟು ಕಾಲವಾಯಿತು, ಇವರ ನಲ್ಲಿಗೆ ನೀರು ಬರುವುದು ಚೆನ್ನಾಗಿ ಬೆಳಕಾದ ಮೇಲೆ, ಅಷ್ಟು ಹೊತ್ತಿಗೆ ನಾನು ಯಾವತ್ತೂ — ಬೆಳಕು. ಗೋಡೆಯ ಮೇಲೆ ಬೆಳಕು ಬಿದ್ದಿದೆ, ಮೊಳೆಗೆ ನೇತುಹಾಕಿದ ನನ್ನ ಬಿಳಿ ಅಂಗಿಯ ಮೇಲೂ ಬಿದ್ದಿದೆ, ನಿನ್ನೆ ಇಸ್ತ್ರಿ ಮಾಡಿ ನೇತುಹಾಕಿದ ಅಂಗಿ, ಟ್ರಯಲ್ಲಿಗೆ ಹಾಕಿಕೊಂಡು ಹೋಗಬೇಕಾದ ಅಂಗಿ, ಇವತ್ತು ಟ್ರಯಲ್, ಅಯ್ಯೋ ಇವತ್ತು ಟ್ರಯಲ್, ಡಿಪೋದಲ್ಲಿ ಬಸ್ಸು ಓಡಿಸಿ ತೋರಿಸಬೇಕು, ಗೇಟು ಏಳಕ್ಕೆ ಹಾಕುತ್ತಾರೆ, ತಡವಾಗಿ ಬಂದವರನ್ನು ಬಿಡುವುದಿಲ್ಲ ಅಂತ ಎರಡೆರಡು ಸಲ ಹೇಳಿದ್ದಾರೆ, ಮುಂದಿನ ಸಲ ಡ್ರೈವರುಗಳನ್ನು ಕರೆಯುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತದೆ, ಇದೊಂದೇ ಸಲ, ಐದಕ್ಕೆ ಅಲಾರಂ ಇಟ್ಟಿದ್ದೆ, ಇಟ್ಟಿದ್ದೆ ತಾನೇ, ಇಟ್ಟಿದ್ದೆ, ರೇಡಿಯೋ ತಲೆಯ ಹತ್ತಿರ ಸ್ಟೂಲಿನ ಮೇಲೆ ಹಾಗೇ ಕೂತಿದೆ, ಅದರ ಮೂಲೆಯ ಪುಟ್ಟ ಗಡಿಯಾರದಲ್ಲಿ ಏಳಕ್ಕೆ ಕಾಲು ಗಂಟೆ ಕಮ್ಮಿ, ಅಲಾರಂ ಮುಳ್ಳು ಐದರ ಮೇಲೆ, ಇಟ್ಟಲ್ಲೇ ಇದೆ, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಉರಿಯುತ್ತಿದೆ, ಅಂದರೆ ಐದಕ್ಕೆ ಸರಿಯಾಗಿ ಹತ್ತಿಕೊಂಡಿದೆ, ಹೊಡೆದುಕೊಂಡಿದೆ, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ ಇಷ್ಟು ಹೊತ್ತೂ ಮಾತಾಡುತ್ತಲೇ ಇದೆ, ಸದ್ದು ಮಾತ್ರ ಇಲ್ಲ. ಸೌಂಡಿನ ಚಕ್ರವನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಉಜ್ಜಿದೆ, ಹೆಂಗಸೊಬ್ಬಳ ದನಿ ಮುಖಕ್ಕೆ ಹೊಡೆಯಿತು, ಹೂಕುಂಡದ ಮಣ್ಣನ್ನು ವಾರಕ್ಕೊಮ್ಮೆ ಸಡಿಲ ಮಾಡಿ, ಬೇರಿಗೂ ಉಸಿರಾಡುವುದಕ್ಕೆ ಜಾಗ ಬೇಕಲ್ಲವೇ ಕೇಳುಗರೇ.

ಯಾರೋ ಇಳಿಸಿದ್ದಾರೆ. ರಾತ್ರಿ ನಾನೇ ಅರ್ಧಕ್ಕಿಂತ ಮೇಲೆ ಏರಿಸಿ ಇಟ್ಟಿದ್ದು, ಅಂಗಿ, ಪ್ಯಾಂಟು, ಬಾಚಣಿಗೆ, ಮುಖಕ್ಕೆ ನೀರು ಹಾಕಿಕೊಂಡರೆ ಸಾಕು, ಈ ರೇಡಿಯೋದಲ್ಲಿ ಬಜರ್ ಸತ್ತು ಯಾವ ಕಾಲವಾಯಿತು, ಒಂದು ಸಲ ಸೆಲ್ಲು ಒಸರಿ ಒಳಗೆಲ್ಲ ಬಿಳಿ ಪುಡಿ ಕಟ್ಟಿಕೊಂಡಿತ್ತು, ಅಪ್ಪ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತು ಕೆರೆದರು, ಸ್ಪ್ರಿಂಗಿಗೆ ರಬ್ಬರು ಉಜ್ಜಿ ಹೊಳಪು ಬರಿಸಿದರು, ರೇಡಿಯೋ ಬದುಕಿತು, ಬಜರ್ ಬದುಕಲಿಲ್ಲ, ಅವತ್ತಿನಿಂದ ಅಲಾರಂ ಅಂದರೆ ರೇಡಿಯೋವೇ ಹಾಡಬೇಕು, ಎಷ್ಟು ಸೌಂಡ್ ಇಟ್ಟು ಮಲಗುತ್ತೀಯೋ ಅಷ್ಟೇ ಕೂಗುತ್ತದೆ, ಸೊನ್ನೆಗೆ ಇಟ್ಟರೆ ಸೊನ್ನೆ. ಇದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರುವುದಷ್ಟೇ, ಮುಟ್ಟುವುದಕ್ಕೆ ಅಪ್ಪಣೆ ಇಲ್ಲ, ಇದು ಡಿಪೋದವರು ಅಪ್ಪ ರಿಟೈರ್ ಆದ ದಿನ ಕೊಟ್ಟ ರೇಡಿಯೋ, ಒಂದೇ ಒಂದು ಆಕ್ಸಿಡೆಂಟ್ ಇಲ್ಲದೆ ಬಸ್ಸು ಓಡಿಸಿದ್ದಕ್ಕೆ, ಹಿಂದುಗಡೆ ಪುಟ್ಟ ಹಿತ್ತಾಳೆ ತಗಡಿನಲ್ಲಿ ಅಪ್ಪನ ಹೆಸರಿದೆ, ಅಮ್ಮ ಅವರ ಹಳೇ ಖಾಕಿ ಪ್ಯಾಂಟು ಕತ್ತರಿಸಿ ಅದಕ್ಕೆ ಕವರ್ ಹೊಲಿದಿದ್ದಾಳೆ, ಗುಂಡಿ ಸಮೇತ. ನಮ್ಮಿಬ್ಬರನ್ನೂ, ಅಣ್ಣನನ್ನೂ ನನ್ನನ್ನೂ, ಅಪ್ಪ ಇಷ್ಟು ಒರೆಸಿ ಇಟ್ಟಿದ್ದು ನನಗೆ ನೆನಪಿಲ್ಲ. ಹಳೇ ಬನಿಯನ್ ಬಟ್ಟೆಯಲ್ಲೇ ಒರೆಸಬೇಕು, ಒದ್ದೆ ಇರಬಾರದು, ಕಿಟಕಿಯ ಬಿಸಿಲಿಗೆ ಇಡಬಾರದು, ಆಂಟೆನಾವನ್ನು ಬುಡದ ದಪ್ಪ ಕೊಳವೆಯಿಂದ ಎಳೆಯಬೇಕು, ತುದಿ ಹಿಡಿದು ಎಳೀತೀಯಲ್ಲೇ, ಕೋಳಿ ಕತ್ತು ಹಿಚುಕೋ ಹಾಗೆ. ಆರಿಸುವಾಗ ಸೌಂಡ್ ಪೂರ್ತಿ ಇಳಿಸಿ ಚಕ್ರ ಟಕ್ ಅನ್ನುವ ತನಕ ತಿರುಗಿಸಬೇಕು, ಟಕ್ ಅಂದರೇನೇ ಆರಿದ ಲೆಕ್ಕ, ಇಲ್ಲದಿದ್ದರೆ ಒಳಗೊಳಗೇ ಸೆಲ್ಲು ತಿನ್ನುತ್ತಿರುತ್ತದೆ, ಮತ್ತೆ ಹಾಕಿದಾಗ ಒಮ್ಮೆಲೇ ಕೂಗಿದರೆ ಸ್ಪೀಕರಿನ ಕಾಗದ ಹರಿಯುತ್ತದೆ. ರಾತ್ರಿ ವಾರ್ತೆ ಮುಗಿದ ಮೇಲೆ ಅಪ್ಪ ಇದನ್ನು ಬಸ್ಸು ನಿಲ್ಲಿಸಿದ ಹಾಗೆ ಮಾಡುತ್ತಾರೆ, ಸೌಂಡ್ ಇಳಿಸಿ, ಟಕ್, ಆಂಟೆನಾ ಮಡಚಿ, ಕವರ್ ಹಾಕಿ, ಗುಂಡಿ. ನಿನ್ನೆಯೂ ಮಾಡಿದರು. ಆಮೇಲೆ ನಾನು ಗುಂಡಿ ಬಿಚ್ಚಿ, ಸೌಂಡ್ ಏರಿಸಿ, ಪಕ್ಕದ ಬಟನ್ ಅಲಾರಂ ಕಡೆಗೆ ತಳ್ಳಿ, ಅಪ್ಪ ಇದನ್ನ ಇವತ್ತು ಮುಟ್ಬೇಡಿ, ನಾಳೆ ಟ್ರಯಲ್ ಇದೆ — ಆಯ್ತು ಮಾರಾಯ್ತಿ, ಎಷ್ಟು ಸಲ ಹೇಳ್ತೀಯ. ನನ್ನ ಫೋನಿನಲ್ಲಿ ಇಡಬಹುದಿತ್ತು, ನನ್ನ ಫೋನು ಎಲ್ಲಿದೆ, ಅಣ್ಣನದು ನೀರಿಗೆ ಬಿದ್ದ ಮೇಲೆ ಎರಡು ದಿನ ಕೊಡೇ ಅಂತ ಇಸ್ಕೊಂಡವನು ಇವತ್ತಿಗೂ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ. ಅಮ್ಮ ಇದ್ದಿದ್ದರೆ ಎಬ್ಬಿಸುತ್ತಿದ್ದಳು, ಅಮ್ಮನಿಗೆ ನಿನ್ನೆ ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ, ಬೇರೆಯವರ ಅಮ್ಮಂದಿರಿಗೆ ಬೆಡ್‌ಪ್ಯಾನ್ ಇಟ್ಟು ಎಂಟು ಗಂಟೆಗೆ ಬರುತ್ತಾಳೆ.

ಅಣ್ಣ ಹಾಲ್‌ನಲ್ಲಿ ಮುಖದ ತುಂಬ ಹೊದ್ದು ಮಲಗಿದ್ದಾನೆ, ದಾಟಿಕೊಂಡೇ ಹೋಗಬೇಕು, ಕಾಲು ತಗಲಿತು, ಏನೇ ಇನ್ನೂ ಹೋಗಿಲ್ವಾ ಅಂತ ಹೊದಿಕೆಯ ಒಳಗಿನಿಂದಲೇ, ಇಲ್ಲ ಕಣೋ, ನಿನ್ನ ಮದುವೆ ಮುಗಿಸ್ಕೊಂಡು ಹೋಗೋಣ ಅಂತ. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ, ಕಾಫಿ ಕುಡಿದ ಲೋಟ ಪಕ್ಕದಲ್ಲಿ, ಮುಖ ಕ್ಷೌರ ಮಾಡಿ ಆಗಿದೆ, ಪೇಪರು ಓದಿ ಮಡಚಿ ಆಗಿದೆ, ಜನ್ಮವಿಡೀ ಮೊದಲನೇ ಬಸ್ಸು ತೆಗೆದ ಮನುಷ್ಯ, ರಿಟೈರಾದ ಮೇಲೂ ಕತ್ತಲಿರುವಾಗಲೇ ಎದ್ದು ಕೂರುತ್ತಾರೆ, ಓಡಿಸಲು ಬಸ್ಸಿಲ್ಲದೆ. ಅಪ್ಪ, ರೇಡಿಯೋ ಮುಟ್ಟಿದ್ರಾ. ಯಾಕೆ, ಏನಾಯ್ತು. ಸೌಂಡ್ ಸೊನ್ನೆಗಿದೆ, ಅಲಾರಂ ಕೇಳಿಸ್ಲೇ ಇಲ್ಲ, ಏಳು ಗಂಟೆಗೆ ಗೇಟ್ ಹಾಕ್ತಾರೆ ಅಪ್ಪ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಹಾಗಾ, ನಾನೇ ಇರ್ಬೇಕು ಕಣೇ, ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗೋವಾಗ ಕಣ್ಣಿಗೆ ಬಿತ್ತು, ಆರಿಸಿಲ್ವಲ್ಲ ಅಂತ ಆರಿಸಿರ್ಬೇಕು, ಕೈ ತನ್ನ ಪಾಡಿಗೆ ಹೋಗಿಬಿಡತ್ತೆ, ವಯಸ್ಸಾಯ್ತಲ್ಲ. ಎಬ್ಬಿಸ್ಬಹುದಿತ್ತಲ್ಲಪ್ಪ, ಎದ್ದೇ ಕೂತಿದೀರಲ್ಲ. ಯಾರೂ ನನ್ನ ಎಬ್ಬಿಸೋದು ಬೇಡ, ಅಲಾರಂ ಇದೆ ಅಂದೋಳು ಯಾರು, ನಾನಾ. ಅಂದಿದ್ದೆ, ಹೌದು, ನಿನ್ನೆ ಊಟಕ್ಕೆ ಕೂತಾಗ ಅಣ್ಣ ಅಂದ, ಅಲಾರಂ ಹೊಡೆದ್ರೆ ಬೀದಿಗೆ ಬೀದಿ ಏಳತ್ತೆ, ಇವಳೊಬ್ಬಳು ಏಳಲ್ಲ ನೋಡ್ತಿರಿ, ಅದಕ್ಕೆ ನಾನು ರೇಗಿ ಅಂದಿದ್ದೆ. ಎದ್ದು ಹೋಗಿರ್ತೀಯ ಅಂದ್ಕೊಂಡೆ, ಅಂದರು ಅಪ್ಪ, ಆಮೇಲೆ ಬೀದಿಯ ಕಡೆ ತಿರುಗಿಕೊಂಡು, ಹೋಗ್ಲಿ ಬಿಡು, ಅದೇನು ಪ್ರಪಂಚ ಮುಳುಗೋ ವಿಷ್ಯ ಅಲ್ಲ, ಡ್ರೈವಿಂಗ್ ಸ್ಕೂಲಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳೋ ಕೆಲ್ಸ ಇದೆಯಲ್ಲ, ಬಸ್ಸು ಓಡ್ಸೋದು ಅಂದ್ರೆ ಬೆನ್ನು ಮುರಿಯತ್ತೆ, ನನ್ನ ಬೆನ್ನು ನೋಡ್ತಿಲ್ವಾ. ಮೂರು ಮೆಟ್ಟಿಲು ಒಟ್ಟಿಗೆ ಹಾರಿದೆ. ಎದ್ದು ಹೋಗಿರ್ತೀಯ ಅಂತೆ. ಬಾಗಿಲಲ್ಲಿ ಕೂತವರ ಮೈ ಮೇಲಿಂದ ಹಾರಿ ಹೋಗಿರ್ತೀನಾ.

ಆದರೂ ಬಸ್ಸು ಸಿಕ್ಕಿತು, ಹೊರಟೇ ಬಿಟ್ಟಿದ್ದನ್ನು ಓಡಿ ಹಿಡಿದೆ, ಕಂಡಕ್ಟರ್ ಬೈದ, ಬೀಳೋದಾದ್ರೆ ಬೇರೆ ಬಸ್ಸಲ್ಲಿ ಬೀಳಮ್ಮ, ನನ್ನ ಟ್ರಿಪ್ಪಲ್ಲಿ ಬೇಡ, ಜನ ನಕ್ಕರು, ನಗಲಿ, ಡಿಪೋದ ಹತ್ತಿರಕ್ಕೇ ಹೋಗುತ್ತದೆ, ಟ್ರಯಲ್ ಅಂದಮಾತ್ರಕ್ಕೆ ಏಳಕ್ಕೇ ಶುರು ಮಾಡುತ್ತಾರಾ, ಯಾವ ಆಫೀಸು ಹೇಳಿದ ಹೊತ್ತಿಗೆ ಶುರು ಮಾಡಿದೆ, ಸಾಹೇಬರು ಬರಬೇಕು, ಬಂದು ಕೂರಬೇಕು, ಗೇಟಿನವನಿಗೆ ಅಪ್ಪನ ಹೆಸರು ಹೇಳಿದರೆ ಸಾಕು, ಅಪ್ಪನ ಹೆಸರು ಹೇಳುವುದಿಲ್ಲ ಅಂತ ಶಪಥ ಮಾಡಿದ್ದೆ, ಮಾಡಿದ್ದರೆ ಮಾಡಿದ್ದೆ. ಬಸ್ಸಿನೊಳಗೆ ಒದ್ದೆ ಕೂದಲಿನ ವಾಸನೆ, ಟಿಫಿನ್ ಬಾಕ್ಸಿನ ವಾಸನೆ, ಡ್ರೈವರನ ಹಿಂದಿನ ಕಂಬಿ ಹಿಡಿದು ನಿಂತಿದ್ದೇನೆ, ನನ್ನ ಜಾಗ ಇದೇ, ಚಿಕ್ಕಂದಿನಿಂದ ಇದೇ ಕಂಬಿ, ಅಪ್ಪನ ಬೆನ್ನು ನೋಡಿಕೊಂಡು ನಿಲ್ಲುತ್ತಿದ್ದೆ, ಅಣ್ಣನನ್ನು ಮಾತ್ರ ಬಾನೆಟ್ ಮೇಲೆ ಕೂರಿಸುತ್ತಿದ್ದರು, ಅವನು ಗಂಡು, ಅವನಿಗೆ ಬಿಸಿ ತಾಗುವುದಿಲ್ಲ. ಹೋಗಲಿ, ಅಪ್ಪನ ಮೇಲೆ ಇಷ್ಟು ಸಿಟ್ಟು ಯಾಕೆ, ಕೈಯ ಅಭ್ಯಾಸ ಅದು, ಸುಳ್ಳಲ್ಲ, ಊಟಕ್ಕೆ ಕೂತಾಗಲೂ ಎಡಗೈ ತಾನೇ ತಾನಾಗಿ ಗೇರ್ ಹುಡುಕುತ್ತದೆ, ಲೋಟಕ್ಕೆ ತಗಲುತ್ತದೆ, ಅಮ್ಮ ನಗುತ್ತಾಳೆ, ನಿದ್ದೆಯಲ್ಲಿ ಬಲಗಾಲು ಬ್ರೇಕ್ ಒತ್ತುತ್ತದೆ, ಅಂಥ ಮನುಷ್ಯನ ಕಣ್ಣಿಗೆ ಕವರ್ ಇಲ್ಲದ ರೇಡಿಯೋ ಬಿದ್ದರೆ ಕೈ ಸುಮ್ಮನೆ ಇರುತ್ತದಾ, ಪಾಪ, ಬೆಳಗಿನ ಜಾವದಲ್ಲಿ ಏನೋ ಮಂಕು, ಸಂಜೆ ಹೋಗಿ ಸಮಾಧಾನ ಮಾಡಬೇಕು, ಪಾಸಾದರೆ ಸಿಹಿ ತೆಗೆದುಕೊಂಡು ಹೋಗಬೇಕು, ಅಪ್ಪ ನಿಮ್ಮ ಕೈಗೇ ಬೇಡಿ ಹಾಕ್ಬೇಕು ಅಂತ ತಮಾಷೆ ಮಾಡಬೇಕು.

ಏರು ರಸ್ತೆ, ಸಿಗ್ನಲ್ಲು ಕೆಂಪಾಗಿದೆ, ಬಸ್ಸು ನಿಂತಿತು, ಈ ಡ್ರೈವರ್ ಹೊಸಬ, ಹಸಿರಾದ ಕೂಡಲೇ ಕ್ಲಚ್ಚನ್ನು ಒಮ್ಮೆಲೇ ಬಿಟ್ಟ, ಬಸ್ಸು ಕುಕ್ಕಿತು, ನಿಂತವರೆಲ್ಲ ಒಬ್ಬರ ಮೇಲೊಬ್ಬರು, ನಾನಾಗಿದ್ದರೆ ಹೀಗೆ ಬಿಡುತ್ತಿರಲಿಲ್ಲ, ಕಾಲು ಮೆಲ್ಲಗೆ ಎತ್ತುತ್ತ ಬರಬೇಕು, ಒಂದು ಜಾಗದಲ್ಲಿ ಕ್ಲಚ್ಚಿನ ಪೆಡಲು ಪಾದದ ಕೆಳಗೆ ಸಣ್ಣಗೆ ನಡುಗುತ್ತದೆ, ಅಲ್ಲೇ ಹಿಡಿಯಬೇಕು, ಅಲ್ಲಿಂದ ಒಂದು ಕೂದಲು ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಮಲಗಿರೋ ಮಗು ಏಳದ ಹಾಗೆ ಬಾಗ್ಲು ಹಾಕ್ತೀವಲ್ಲ, ಹಾಗೆ ಕಣೋ, ಅಂತ ಅಪ್ಪ ಅಣ್ಣನಿಗೆ ಹೇಳಿಕೊಡುತ್ತಿದ್ದರು, ನಾನು ಅಡುಗೆಮನೆಯಿಂದ ಕೇಳಿಸಿಕೊಂಡು ಕಲಿತೆ, ಅಣ್ಣ ಎದುರು ಕೂತು ಕೇಳಿಸಿಕೊಂಡು ಕಲಿಯಲಿಲ್ಲ. ಏಳದ ಹಾಗೆ. ದೀಪ ಉರಿಯುತ್ತಿತ್ತು. ಯಾವ ದೀಪ — ರೇಡಿಯೋದ ಕೆಂಪು ದೀಪ, ಸಾಸಿವೆ ಕಾಳು, ಅದು ಹೇಗೆ ಉರಿಯುತ್ತಿತ್ತು. ಅಪ್ಪ ಆರಿಸಿದರು ಅಂದರಲ್ಲ. ಅಪ್ಪ ಆರಿಸುವುದು ಅಂದರೆ ಟಕ್. ಟಕ್ ಅಂದಿದ್ದರೆ ಐದು ಗಂಟೆಗೆ ಏನೂ ಹತ್ತುತ್ತಿರಲಿಲ್ಲ, ಅಲಾರಂ ಬಟನ್ ಎಲ್ಲಿದ್ದರೇನು, ದೀಪ ಸತ್ತೇ ಇರುತ್ತಿತ್ತು. ದೀಪ ಹತ್ತಿತ್ತು. ಅಂದರೆ ಟಕ್ ಅಂದಿಲ್ಲ. ಅಂದರೆ ಚಕ್ರ ಸೊನ್ನೆಯ ತನಕ ಬಂದು, ಟಕ್ ಅನ್ನುವುದಕ್ಕೆ ಒಂದು ಕೂದಲು ಮೊದಲು ನಿಂತಿದೆ. ಆ ಕೈ ಅಲ್ಲಿ ನಿಲ್ಲುವ ಕೈಯಲ್ಲ, ಆ ಕೈಗೆ ಟಕ್ ಆಗದಿದ್ದರೆ ಮಲಗಿದರೂ ನಿದ್ದೆ ಬರುವುದಿಲ್ಲ, ಒಂದು ದಿನ ನಾನು ಆರಿಸಿದ್ದೇನೆ ಅಂದರೂ ನಂಬದೆ ಎದ್ದು ಬಂದು ಚಕ್ರ ಮುಟ್ಟಿ ನೋಡಿದ ಕೈ. ಅಭ್ಯಾಸದ ಕೈ ಟಕ್ ಅನಿಸಿ, ಆಂಟೆನಾ ಮಡಚಿ, ಕವರ್ ಹಾಕಿ, ಗುಂಡಿ ಹಾಕಿ ಹೋಗುತ್ತಿತ್ತು. ಕವರ್ ಸ್ಟೂಲಿನ ಕೆಳಗೆ ನಾನು ಬಿಸಾಡಿದ ಕಡೆಯೇ ಬಿದ್ದಿತ್ತು. ಟಕ್ ಅಂದಿದ್ದರೆ ನಾನು ಏಳುತ್ತಿದ್ದೆ, ನನ್ನ ನಿದ್ದೆ ಎಂಥದ್ದು ಅಂತ ಅಪ್ಪನಿಗೆ ಗೊತ್ತು, ಅಣ್ಣನ ತಮಾಷೆ ಬರೀ ತಮಾಷೆ, ಸಣ್ಣ ಸದ್ದಿಗೆ ಎದ್ದು ಕೂರುವವಳು ನಾನೇ ಅಂತ ಅವನಿಗೆ ಗೊತ್ತು, ಅದಕ್ಕೇ ಹೆಬ್ಬೆರಳು ನಿಂತಿತು.

ಮುಲಾಮಿನ ವಾಸನೆ ಬಂದಿತ್ತು. ನಿದ್ದೆಯಲ್ಲಿ, ಅವನ ಬೆನ್ನಿಗೆ ಹಚ್ಚುವ ಮುಲಾಮು, ಅಪ್ಪ ಹೊದಿಕೆ ಸರಿಮಾಡಲು ಬಂದಿದ್ದಾನೆ ಅಂದುಕೊಂಡು, ಎಂಥ ಕನಸು, ಹಾಯಾಗಿ ಮಗ್ಗುಲು ಬದಲಿಸಿದ್ದೆ. ಸ್ಟೂಲಿನ ಹತ್ತಿರ ಬಗ್ಗಿರಬೇಕು, ನನ್ನ ಮುಖ ನೋಡಿರಬೇಕು, ನೋಡದೆ ಹೇಗೆ ಇರುತ್ತಾನೆ, ಒಂದು ಗೇಣು ದೂರ, ಮಗಳ ಬಾಯಿ ತೆರೆದುಕೊಂಡಿದ್ದನ್ನು ನೋಡಿಕೊಂಡು ಹೆಬ್ಬೆರಳಿನಲ್ಲಿ ಚಕ್ರವನ್ನು ಇಳಿಸುತ್ತ, ಇಳಿಸುತ್ತ — ಆಮೇಲೆ ಹೋಗಿ ಕಾಫಿ ಮಾಡಿಕೊಂಡು, ಮುಖ ಕ್ಷೌರ ಮಾಡಿಕೊಂಡು, ಪೇಪರ್ ಓದಿ. ಮೊನ್ನೆ ರಾತ್ರಿ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೇಳುತ್ತಿದ್ದ, ಇವಳು ಪಾಸಾಗ್ತಾಳೆ, ಅದೇ ಭಯ ನಂಗೆ. ಪಾಸಾದ್ರೆ ಒಳ್ಳೇದೇ ಅಲ್ವೇನ್ರೀ. ಇವಳ ಅಣ್ಣನ ಗತಿ ಏನೇ ಆಮೇಲೆ, ನಾನು ಆ ಡಿಪೋಗೆ ಹೋಗಿ ಹೇಗೆ ಮುಖ ತೋರಿಸ್ಲಿ. ಅಮ್ಮ ಅಂದಳು, ಇಬ್ರೂ ನಿಮ್ಮ ಹೊಟ್ಟೇಲಿ ಹುಟ್ಟಿದವರೇ ತಾನೇ, ಆಮೇಲೆ ಪಾತ್ರೆಯ ಸದ್ದು. ನಾನು ಅದನ್ನು ಹೊಗಳಿಕೆ ಅಂದುಕೊಂಡು ಬಂದು ಮಲಗಿದೆ, ಇವಳು ಪಾಸಾಗ್ತಾಳೆ, ಅಪ್ಪನ ಬಾಯಲ್ಲಿ, ಇವಳು ಪಾಸಾಗ್ತಾಳೆ, ಅಷ್ಟನ್ನೇ ಕಿವಿಯಲ್ಲಿ ಇಟ್ಟುಕೊಂಡು. ಅಣ್ಣನ ಟ್ರಯಲ್ ದಿನ ಅಪ್ಪನೇ ಹೊಸ ಅಂಗಿ ಹಾಕಿಕೊಂಡು ಜೊತೆಗೆ ಹೋಗಿದ್ದ, ಎಲ್ಲರ ಎದುರು ಅಣ್ಣ ಬಸ್ಸು ಹಿಂದಕ್ಕೆ ತರುತ್ತ ಗುರುತಿಗೆ ಇಟ್ಟ ಡ್ರಮ್ಮಿಗೆ ಗುದ್ದಿದ, ಡ್ರಮ್ಮು ಉರುಳಿಕೊಂಡು ಹೋಗಿ ಇವನ ಕಾಲ ಹತ್ತಿರವೇ ನಿಂತಿತಂತೆ, ಅವತ್ತಿನಿಂದ ಡಿಪೋದಲ್ಲಿ ಅಣ್ಣನಿಗೆ ಡ್ರಮ್ ಅಂತಲೇ ಹೆಸರು, ಡ್ರಮ್ ಹೇಗಿದಾನೆ ಸಾರ್, ಡ್ರಮ್ಮಿಗೆ ಕೆಲ್ಸ ಸಿಕ್ತಾ ಸಾರ್. ಮಗ ಉರುಳಿಸಿದ ಡ್ರಮ್ಮನ್ನು ಮಗಳು ಮುಟ್ಟದೆ ಬಸ್ಸು ತಂದು ನಿಲ್ಲಿಸಿದರೆ ಅವರ ನಗು ನಿಲ್ಲುವುದೇ ಇಲ್ಲ, ನನ್ನನ್ನು ನೋಡಿ ಯಾರೂ ನಗುವುದಿಲ್ಲ, ಅಪ್ಪನನ್ನು ನೋಡಿ ನಗುತ್ತಾರೆ, ಇಷ್ಟೇ, ಇಷ್ಟಕ್ಕೆ ನನ್ನ ಇಡೀ — ಸ್ಟಾಪು ಬಂತು ಇಳಿಯಮ್ಮ, ಆಗಿನಿಂದ ಕೂಗ್ತಿದೀನಿ, ಕಿವಿ ಕೇಳಿಸಲ್ವಾ.

ಗೇಟು ಹಾಕಿದೆ. ಸರಪಳಿ ಸಹ ಹಾಕಿದ್ದಾರೆ. ಒಳಗೆ ಅಂಗಳದಲ್ಲಿ ಹಳೇ ಬಸ್ಸೊಂದು ಹಳದಿ ಡ್ರಮ್ಮುಗಳ ನಡುವೆ ಹಿಂದಕ್ಕೆ ಬರುತ್ತಿದೆ, ಯಾರೋ ದಡೂತಿ ಮನುಷ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ತಿರುಗಿಸುತ್ತಿದ್ದಾನೆ, ತಪ್ಪು, ಕನ್ನಡಿ ಸಾಕು, ಕನ್ನಡಿಯಲ್ಲಿ ಡ್ರಮ್ಮಿನ ಬುಡ ಕಂಡರೆ ಸಾಕು, ಎಡಕ್ಕೆ ಇನ್ನೂ ಸ್ವಲ್ಪ, ಸಾಕು ಸಾಕು, ಹೋಯಿತು, ಡಬ್ ಅಂತು, ಸಾಲಿನಲ್ಲಿ ಕೂತ ಗಂಡಸರು ಹೋ ಅಂದರು. ನಾನು ಮುಟ್ಟಿಸುತ್ತಿರಲಿಲ್ಲ. ಗೇಟಿನ ಸರಳು ಹಿಡಿದು ಸಾರ್ ಸಾರ್ ಅಂತ ಕೂಗುತ್ತಿರುವ ದನಿ ನನ್ನದೇ. ಗೇಟಿನವನು ಮುದುಕ, ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ, ಅಪ್ಪನ ಮೂಗು ನನ್ನ ಮುಖದ ಮೇಲಿದೆ, ಏನಮ್ಮಾ, ನಿನ್ನ ಹೆಸರು ಎರಡು ಸಲ ಕರೆದ್ರಲ್ಲ, ಸಾಹೇಬ್ರು ಕಾದ್ರು, ನಿಮ್ಮಪ್ಪನಿಗೋಸ್ಕರ ಇನ್ನೊಂದು ಸಲ ಕರೀರಿ ಅಂದ್ರು. ಸಾಹೇಬರೇ ಬಂದರು, ಕೊರಳಿಗೆ ಸೀಟಿ, ಕೈಯಲ್ಲಿ ಕೊಡೆ, ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ, ಯಾಕಮ್ಮ ಲೇಟು, ಏನಾದ್ರೂ ತೊಂದರೆ ಆಯ್ತಾ ಮನೇಲಿ, ಯಾರಿಗಾದ್ರೂ ಹುಷಾರಿಲ್ವಾ, ಹೇಳು, ಸರಿಯಾದ ಕಾರಣ ಇದ್ರೆ ಮೇಲೆ ಕೇಳಿ ನೋಡ್ತೀನಿ. ಕಾರಣ ಇದೆ. ಬಾಯಿಯ ತುದಿಯಲ್ಲೇ ಇದೆ. ನಮ್ಮಪ್ಪ ಅಲಾರಂ ಸದ್ದು ಇಳಿಸಿದ ಸಾರ್. ಅಷ್ಟೇ, ಇಷ್ಟೇ ಮಾತು, ಹೇಳಿದರೆ ಆಯಿತು. ಗೇಟಿನವನು ಮಧ್ಯೆ ಬಾಯಿ ಹಾಕಿದ, ಇವಳಪ್ಪನ ಬಸ್ಸು ನೋಡಿ ಜನ ವಾಚು ಸರಿ ಮಾಡ್ಕೊಳ್ತಿದ್ರು ಸಾರ್, ಒಂದೇ ಒಂದು ದಿನ ಲೇಟಾಗಿ ಬಂದವರಲ್ಲ, ಆ ಮನೇಲಿ ಇಂಥ ಇಬ್ಬರು, ಒಬ್ಬ ಡ್ರಮ್ಮಿಗೆ ಗುದ್ದಿದ, ಇವಳು ಹೊತ್ತಿಗೆ ಗೇಟಿಗೂ ಬಂದು ಮುಟ್ಲಿಲ್ಲ. ಸಾಹೇಬರು ಸಣ್ಣಗೆ ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು, ಹೇಳಮ್ಮ. ಹೇಳಿದರೆ ಯಾರು ನಂಬುತ್ತಾರೆ, ತಪ್ಪು ಮುಚ್ಚಿಕೊಳ್ಳಲು ಹೆತ್ತವನ ಮೇಲೆ ಹಾಕುತ್ತಾಳೆ ಅನ್ನುತ್ತಾರೆ, ನಂಬಿದರೂ ನಗುತ್ತಾರೆ, ಇಡೀ ಡಿಪೋ ನಗುತ್ತದೆ, ಅವನು ಸಾಯುವ ತನಕ ನಗುತ್ತದೆ, ನಗಲಿ, ಹೇಳು, ಈಗ ಹೇಳು. ಅಲಾರಂ ಕೇಳಿಸ್ಲಿಲ್ಲ ಸಾರ್, ಅಂದೆ.

ಅಲಾರಂ ಕೇಳಿಸದವರು ಹಿಂದಿನ ಗಾಡಿ ಹಾರನ್ ಏನು ಕೇಳಿಸ್ಕೋತಾರಮ್ಮ, ಅಂದರು ಸಾಹೇಬರು, ಬೇಜಾರಿನಿಂದಲೇ ಅಂದರು, ಸೀಟಿ ಊದುತ್ತ ಒಳಗೆ ಹೋದರು. ಈಗ ಸರಳು ಹಿಡಿದುಕೊಂಡು ನಿಂತಿದ್ದೇನೆ, ಬಿಸಿಲು ಏರುತ್ತಿದೆ, ಸರಳು ಬಿಸಿಯಾಗುತ್ತಿದೆ, ಮನೆಗೆ ಹೋಗಬೇಕು, ಬೇರೆ ಎಲ್ಲಿಗೆ ಹೋಗಲಿ, ಹೋದ ಕೂಡಲೇ ರೇಡಿಯೋವನ್ನು ಎತ್ತಿ ಮೆಟ್ಟಿಲ ಮೇಲೆ ಕುಕ್ಕುತ್ತೇನೆ, ಅಪ್ಪನ ಕಾಲ ಹತ್ತಿರ, ಕುಕ್ಕುವುದಿಲ್ಲ ಅಂತ ಈಗಲೇ ಗೊತ್ತು, ನನ್ನ ಕೈ ಆಂಟೆನಾವನ್ನು ಬುಡದಿಂದಲೇ ಹಿಡಿಯುತ್ತದೆ. ಅಮ್ಮ ಕೇಳುತ್ತಾಳೆ, ಏನಾಯ್ತೇ. ಅಣ್ಣ ಏನೋ ಜೋಕು ಮಾಡುತ್ತಾನೆ. ರಾತ್ರಿ ವಾರ್ತೆ ಮುಗಿಯುತ್ತದೆ, ಎಲ್ಲರೂ ಇರುವಾಗಲೇ, ದೀಪ ಇರುವಾಗಲೇ, ಅಪ್ಪನ ಕೈ ರೇಡಿಯೋದ ಕಡೆಗೆ ಚಾಚುತ್ತದೆ, ನಾನು ಅದನ್ನು ನೋಡುತ್ತೇನೆ, ನೋಡುತ್ತಿರುವುದು ಅವನಿಗೂ ಗೊತ್ತಾಗಬೇಕು, ಕೈಯನ್ನಲ್ಲ, ಹೆಬ್ಬೆರಳನ್ನು, ಉಗುರಿನ ತುದಿ ಹಳದಿಯಾದ ಹೆಬ್ಬೆರಳು, ಸ್ಟೀರಿಂಗ್ ಉಜ್ಜಿ ಉಜ್ಜಿ ರೇಖೆಯೆಲ್ಲ ಅಳಿಸಿ ಹೋದ ಹೆಬ್ಬೆರಳು, ಕತ್ತಲಲ್ಲಿ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಎಣಿಸುತ್ತ ಬಂದು, ನನ್ನ ಉಸಿರಿಗೆ ಕಿವಿಕೊಟ್ಟು, ಟಕ್ ಅನ್ನುವುದಕ್ಕೆ ಒಂದು ಕೂದಲು ಮೊದಲು, ಮಲಗಿರುವ ಮಗು ಏಳದ ಹಾಗೆ, ಮೆಲ್ಲಗೆ, ಎಷ್ಟು ಮೆಲ್ಲಗೆ, ನಿಂತ ಹೆಬ್ಬೆರಳು —